ಗ್ರಾಹಕರು ‘ಕೊಳ್ಳುತ್ತೇವೆ’ ಎಂದು ಹೇಳಿಯೂ ಆಮೇಲೆ ಕೊಳ್ಳದಿರುವುದು ಏಕೆ?

ಹೇಳುವುದಕ್ಕೆ ಖರ್ಚಿಲ್ಲ, ಕೊಳ್ಳುವುದಕ್ಕೆ ಇದೆ. ಆದ್ದರಿಂದ ಗ್ರಾಹಕರು ಏನು ಹೇಳಿದರು ಎಂಬುದಕ್ಕಿಂತ ಏನು ಮಾಡಿದರು ಎಂಬುದನ್ನೇ ಹೆಚ್ಚು ನಂಬಬೇಕು. ಎದುರಿಗೆ ಕುಳಿತು ಕೇಳಿದಾಗ ಮನುಷ್ಯ ದಾಕ್ಷಿಣ್ಯಕ್ಕೆ ಒಳಗಾಗುತ್ತಾನೆ, ಜೊತೆಗೆ ನಾಳೆಯಿಂದ ತಾನು ಇನ್ನಷ್ಟು ಶಿಸ್ತಿನವನಾಗುವೆನೆಂದು ಪ್ರಾಮಾಣಿಕವಾಗಿಯೇ ನಂಬಿ ಉತ್ತರಿಸುತ್ತಾನೆ.

ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಪರಿಚಯದವರೊಬ್ಬರು ರಾಗಿ ದೋಸೆ ಹಿಟ್ಟು ಮಾರಲು ಹೊರಟಾಗ, ರುಚಿ ನೋಡಿದ ಕನ್ನಡದ ಮನೆಗಳವರೆಲ್ಲ “ಬಹಳ ಚೆನ್ನಾಗಿದೆ, ಖಂಡಿತ ತಗೊಳ್ತೇವೆ” ಎಂದಿದ್ದರು. ತಿಂಗಳ ಮುಂಗಡ ಕೇಳಿದಾಗ ಕೊಟ್ಟವರು ಮೂರೇ ಮನೆಯವರು. ಆ ಮೂರೂ ಮನೆಗಳಲ್ಲಿ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಬೆಳಗಿನ ಲೋಕಲ್ ರೈಲು ಹಿಡಿಯುವವರು. ಅವರಿಗೆ ಬೇಕಾಗಿದ್ದದ್ದು ರಾಗಿಯಲ್ಲ, ರಾತ್ರಿ ರುಬ್ಬುವ ಕೆಲಸದಿಂದ ಬಿಡುವು.

ದೊಡ್ಡವರೂ ಇಲ್ಲಿ ಎಡವಿದ್ದಾರೆ: 1985ರಲ್ಲಿ ಕೋಕಾ-ಕೋಲಾ ಸುಮಾರು 2 ಲಕ್ಷ ಜನರಿಗೆ ರುಚಿ ತೋರಿಸಿ, ಮೆಚ್ಚುಗೆ ಪಡೆದು ತಂದ ಹೊಸ ಪಾನೀಯಕ್ಕೆ ಅಮೆರಿಕದಲ್ಲಿ ಎಷ್ಟು ವಿರೋಧ ಬಂದಿತೆಂದರೆ, 79 ದಿನಗಳಲ್ಲೇ ಹಳೆಯದನ್ನು ಮರಳಿ ತರಬೇಕಾಯಿತು.

ಹಾಗೆಂದು ಮಾತನಾಡಿಸಲೇಬಾರದೆಂದಲ್ಲ, “ಕೊಳ್ಳುತ್ತೀರಾ?” ಎನ್ನುವ ಬದಲು “ಕಳೆದ ವಾರ ಹಿಟ್ಟು ಎಲ್ಲಿಂದ ತಂದಿರಿ, ಎಷ್ಟು ಕೊಟ್ಟಿರಿ, ಎಷ್ಟು ಉಳಿದು ಹುಳಿಯಾಯಿತು?” ಎಂದು ಕೇಳಿ.