ಹಣ್ಣಿನ ತೂಕ ಬರೆಯುವುದಕ್ಕಾ ದೇವರು ಹುಟ್ಟಿಸಿದ್ದು?

ಜನವರಿಯಲ್ಲಿ ನಮ್ಮಲ್ಲಿ ಸಲಹೆ ಕೇಳಲು ಬಂದವರು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಆಳುಗಳ ಹಾಜರಿಪಟ್ಟಿ (ಚೆಕ್‌ರೋಲು), ಲೆಕ್ಕ ಬರೆಯುವ ರೈಟರ್, ವಯಸ್ಸು 36. (ಗುರುತು ಸಿಗದಂತೆ ವಿವರ ಬದಲಿಸಿದೆ.) "ಸರ್, ಚೆಕ್‌ರೋಲು, ಹಣ್ಣಿನ ತೂಕ ಬರೆಯೋದಕ್ಕಾ ದೇವರು ನನ್ನ ಹುಟ್ಟಿಸಿದ್ದು?" ಕೆಲಸ ಬಿಟ್ಟು ಬೈಬಲ್ ಕಾಲೇಜು ಸೇರುವ ಹಟ. ಮನೆಯಲ್ಲಿ ಹೆಂಡತಿ, ಇಬ್ಬರು ಶಾಲೆ ಮಕ್ಕಳು, ಸಂಘದ ಸಾಲ.

ಮೊದಲು ವಿಚಾರಿಸಿದ್ದು ನಿದ್ದೆಯನ್ನು. ಎರಡು ವಾರ ಬಿಡದೆ ಬೇಸರ, ನಿದ್ದೆಗೇಡು, ಊಟ ಸೇರದಿರುವುದು ಇದ್ದರೆ ಖಿನ್ನತೆ ಇರಬಹುದು. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬಾರದು. ಅಲ್ಲಿ ಪ್ರಾರ್ಥನೆಯ ಜೊತೆ ಮನೋವೈದ್ಯರೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ. ಇವರಿಗಿದ್ದದ್ದು ಕೊಯ್ಲಿನ ದಣಿವು, ಆಳುಗಳೆದುರು ಬೈಸಿಕೊಂಡ ಸಿಟ್ಟು. ದಣಿವನ್ನೇ ದೈವಕರೆ ಅಂದುಕೊಳ್ಳುವವರು ಬಹಳ.

ಅವರ ಮೊಬೈಲ್ ಪರದೆಯ ಮೇಲೆ ಬೈಬಲಿನ ಯೆರೆಮೀಯ 29:11 ಇತ್ತು: ನಿಮಗಾಗಿ ನನ್ನಲ್ಲಿರುವುದು ಕೇಡಿನ ಯೋಜನೆಯಲ್ಲ, ಹಿತದ ಯೋಜನೆ ಎಂದು ದೇವರು ಹೇಳುವ ವಚನ. ಅದೇ ಅಧ್ಯಾಯದ 5ರಿಂದ 10ನೇ ವಚನ ಓದಿಸಿದೆವು. ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ ಅದು: ಮನೆ ಕಟ್ಟಿ, ತೋಟ ಮಾಡಿ, ಇರುವ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ, ಬಿಡುಗಡೆಗೆ 70 ವರ್ಷ. "ಇದನ್ನ ಯಾರೂ ಸ್ಟೇಟಸ್ ಹಾಕಲ್ಲ ಸರ್" ಎಂದು ನಕ್ಕರು.

ಕೊಟ್ಟ ಕೆಲಸ ಇಷ್ಟು. ರಾತ್ರಿ 15 ನಿಮಿಷ, ಕಥೋಲಿಕ ಸಂತ ಇಗ್ನೇಷಿಯಸ್ ಲೊಯೊಲ ಕಲಿಸಿದ ಆತ್ಮಶೋಧನೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ತಿರುಗಿ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಯ ಒಂದು ನಿರ್ಧಾರ. ಇವರದು ಪ್ರೊಟೆಸ್ಟೆಂಟ್ ಸಭೆ, ಅದೇನೂ ಅಡ್ಡಿಯಿಲ್ಲ. ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಕಲಂ: 'ಜೀವ ಬಂದದ್ದು', 'ಜೀವ ಹಿಂಡಿದ್ದು'. ಒಂದೊಂದೇ ಸಾಲು, ಆರು ವಾರ. ಮೊದಲ ವಾರ ಬರೀ 'ಪ್ರಾರ್ಥನೆಯಲ್ಲಿ ಸಂತೋಷ' ಎಂದು ಬರೆದು ತಂದರು. ಸಂಡೇ ಸ್ಕೂಲ್ ಉತ್ತರ ಬೇಡ. ಎಷ್ಟು ಗಂಟೆಗೆ, ಯಾರ ಜೊತೆ, ಏನು ಮಾಡುವಾಗ ಅಂತ ಬರೆಯಿರಿ ಎಂದೆವು.

ಮಾರ್ಚಿಗೆ ಪುಸ್ತಕ ಬಿಚ್ಚಿದಾಗ ಎಡಗಡೆ ಒಂಬತ್ತು ಕಡೆ ಹೆಚ್ಚುಕಡಿಮೆ ಒಂದೇ ಬಗೆಯ ಸಾಲು: 'ಲೈನ್ ಮನೆ (ತೋಟದ ಆಳುಗಳ ಸಾಲುಮನೆ) ಹುಡುಗನ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿದೆ.' 'ಅಜ್ಜಿಯ ಪಿಂಚಣಿ ಕಾಗದ ಓದಿ ಹೇಳಿದೆ.' ಬೋಧನೆಯ ಮಾತು ಒಂದು ಕಡೆಯೂ ಇರಲಿಲ್ಲ. ಅವರೇ ಎಣಿಸಿದರು, ಸುಮ್ಮನೆ ಕೂತರು.

ಮನಸ್ಸು ಕತ್ತಲಾಗಿರುವಾಗ ಹಿಂದಿನ ತೀರ್ಮಾನ ಬದಲಿಸಬೇಡಿ ಎಂಬುದು ಇಗ್ನೇಷಿಯಸರದೇ ನಿಯಮ. ಅಪೊಸ್ತಲ ಪೌಲನೂ ಕೊರಿಂಥದಲ್ಲಿ ಗುಡಾರ ಮಾಡುತ್ತಲೇ ಸಾರಿದವನು (ಅಪೊಸ್ತಲರ ಕೃತ್ಯಗಳು 18:3). ಹಾಗಾಗಿ ಕೆಲಸ ಬಿಡದೆ ಮೂರು ತಿಂಗಳು, ಭಾನುವಾರ ಆರಾಧನೆ ಮುಗಿದ ಮೇಲೆ ಎರಡು ಗಂಟೆ, ಲೈನ್ ಮನೆಯವರಿಗೆ ಅರ್ಜಿ ಬರೆದುಕೊಡಲಿ. ಪುಸ್ತಕವನ್ನು ಪಾಸ್ಟರ್‌ಗೆ ತೋರಿಸುವ ಮೊದಲು ಹೆಂಡತಿಗೆ ತೋರಿಸಲಿ. ಸಾಲದ ಕಂತು ಗೊತ್ತಿರುವುದು ಆಕೆಗೆ.

ಕಾಲೇಜಿನ ಅರ್ಜಿ ಸದ್ಯ ಬೀರುವಿನಲ್ಲಿದೆ. ಮುಂದಿನ ಭೇಟಿ ಹೂಮಳೆ (ಕಾಫಿ ಹೂವರಳಿಸುವ ಮಳೆ) ಕಳೆದ ಮೇಲೆ.