ಹೋಂವರ್ಕ್ ಮತ್ತು ಚಾಟ್‌ಜಿಪಿಟಿ: ಸಿಂಧನೂರಿನ ಶಿಕ್ಷಕಿಯವರಿಗೆ ಪ್ರತಿಕ್ರಿಯೆ

ಮೇಡಂ, ಎಂಟನೇ ತರಗತಿಯ ಮಕ್ಕಳು ಇತಿಹಾಸದ ಹೋಂವರ್ಕನ್ನು ಚಾಟ್‌ಜಿಪಿಟಿಯಿಂದ ಬರೆದು ತರುತ್ತಿದ್ದಾರೆ, ನಿಷೇಧಿಸಬೇಕೇ ಎಂದು ಕೇಳಿದ್ದೀರಿ. ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯಲ್ಲಿ ಫೋನ್ ಇರುವಾಗ ನಿಷೇಧ ನಡೆಯುವುದೂ ಇಲ್ಲ. ಆ ತಂತ್ರಾಂಶವು ಮುಂದಿನ ಪದ ಯಾವುದಿರಬಹುದೆಂದು ಅಂದಾಜಿಸುತ್ತಾ ವಾಕ್ಯ ಕಟ್ಟುವುದರಿಂದ, ತಪ್ಪು ಇಸವಿಯನ್ನೂ ಸರಿಯಾದದ್ದರಷ್ಟೇ ಧೈರ್ಯವಾಗಿ ಹೇಳಿಬಿಡುತ್ತದೆ. ಆದ್ದರಿಂದ ಪರಿಶೀಲನೆಯನ್ನೇ ಹೋಂವರ್ಕ್ ಆಗಿ ಕೊಡಿ. ಮಸ್ಕಿ ನಿಮಗೆ ಹತ್ತಿರವೇ ಇದೆ: 1915ರಲ್ಲಿ ಬೆಳಕಿಗೆ ಬಂದ ಅಲ್ಲಿನ ಬಂಡೆಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದರ ಮಹತ್ವವೇನೆಂದು ಮಕ್ಕಳು ಚಾಟ್‌ಜಿಪಿಟಿಯನ್ನು ಕೇಳಲಿ, ಬಂದ ಉತ್ತರದ ಪ್ರತಿ ಸಾಲನ್ನೂ ಪಠ್ಯಪುಸ್ತಕದೊಂದಿಗೆ ತಾಳೆ ನೋಡಿ, ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆದು ತರಲಿ. ಅಂಕಗಳನ್ನು ತರಗತಿಯಲ್ಲಿ ಬಾಯಿಮಾತಿನಲ್ಲಿ ಕೇಳುವ ಪ್ರಶ್ನೆಗಳಿಗೆ ಕೊಡಿ. ಫೋನ್ ಇಲ್ಲದ ಮಕ್ಕಳನ್ನು ಇರುವವರ ಜೊತೆಗೆ ಸೇರಿಸುವುದನ್ನು ದಯವಿಟ್ಟು ಮರೆಯಬೇಡಿ.