ಬಟರ್‌ಫ್ಲೈ ಈಜು ಮತ್ತು ಮುಚ್ಚಿಟ್ಟ ಸೊಂಟನೋವು: ಒಂದು ಆಪ್ತಸಲಹೆ ಪ್ರಕರಣ

ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸಿದ್ದೇನೆ. 15 ವರ್ಷದ ಈಜುಗಾರ್ತಿಯೊಬ್ಬಳನ್ನು ಆಕೆಯ ತಾಯಿ ಕರೆತಂದದ್ದು, ಮಗಳು ಅಭ್ಯಾಸಕ್ಕೆ ಹೋಗಲು ಮೈಗಳ್ಳತನ ಮಾಡುತ್ತಿದ್ದಾಳೆ ಎಂಬ ದೂರಿನೊಂದಿಗೆ. ತಾಯಿ ಹೊರಗೆ ಹೋದ ಮೇಲೆ ಹುಡುಗಿ ಹೇಳಿದ್ದು ಬೇರೆಯೇ ಸಂಗತಿ: ಎರಡೂ ಕೈಗಳನ್ನು ಒಟ್ಟಿಗೆ ಬೀಸುವ ಬಟರ್‌ಫ್ಲೈ ಈಜುವಾಗ ಕೆಳಬೆನ್ನಿನ ಎಡಭಾಗದಲ್ಲಿ ನೋವು ಬರುತ್ತದೆ, ಹಿಂದಕ್ಕೆ ಬಾಗಿದರೆ ಅದು ಹೆಚ್ಚುತ್ತದೆ, ಕೆಲವು ವಾರಗಳಿಂದ ಹೀಗೇ ಇದೆ. ಕೋಚ್‌ಗೆ ತಿಳಿಸಿದರೆ 200 ಮೀಟರ್ ಸ್ಪರ್ಧೆಯಿಂದ ಕೈಬಿಡುತ್ತಾರೆಂದು ಹೆದರಿ ಅವಳು ಯಾರಿಗೂ ಹೇಳಿರಲಿಲ್ಲ.

ಇಂಥ ಮಾತು ಕೇಳಿದಾಗ ನೋವನ್ನು ಒತ್ತಡದ ಲೆಕ್ಕಕ್ಕೆ ಬರೆದುಬಿಡುವ ಆಸೆ ನನ್ನ ವೃತ್ತಿಯವರಿಗೆ ಸಹಜವಾಗಿ ಬರುತ್ತದೆ. ಆದರೆ ಬೆಳೆಯುವ ವಯಸ್ಸಿನ ಕ್ರೀಡಾಪಟುವಿಗೆ ಸೊಂಟದ ಒಂದೇ ಬದಿಯಲ್ಲಿ, ಹಿಂದಕ್ಕೆ ಬಾಗಿದಾಗ ಹೆಚ್ಚಾಗುವ ನೋವಿದ್ದರೆ ಮೊದಲು ವೈದ್ಯರ ಪರೀಕ್ಷೆಯೇ ಆಗಬೇಕು. ಬೆನ್ನು ಪದೇ ಪದೇ ಹಿಂದಕ್ಕೆ ಬಾಗುವ ಕ್ರೀಡೆಗಳಲ್ಲಿ ಕಶೇರುಕದ (ಬೆನ್ನೆಲುಬಿನ ಬಿಡಿಮೂಳೆಯ) ಹಿಂಬದಿಯ ಕಿರಿದಾದ ಮೂಳೆಯ ಮೇಲೆ ಒತ್ತಡ ಬಿದ್ದು ಅಲ್ಲಿ ಸೂಕ್ಷ್ಮ ಬಿರುಕು ಮೂಡಬಹುದು. ಸ್ಪಾಂಡಿಲೋಲಿಸಿಸ್ ಎನ್ನಲಾಗುವ ಈ ತೊಂದರೆ ಸೊಂಟದ ಐದನೆಯ ಕಶೇರುಕದಲ್ಲೇ ಹೆಚ್ಚು. ಆರಂಭದ ಹಂತದಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಈಕೆಯ ಎಕ್ಸ್‌ರೇ ಸರಿಯಾಗಿಯೇ ಇತ್ತು. ಮೂಳೆ ಒತ್ತಡಕ್ಕೆ ಸಿಲುಕಿದೆ, ಇನ್ನೂ ಬಿರುಕು ಬಿಟ್ಟಿಲ್ಲ ಎಂಬುದು ಎಂಆರ್‌ಐಯಲ್ಲಿ ತಿಳಿಯಿತು. ಬಟರ್‌ಫ್ಲೈ ನಿಲ್ಲಿಸಿ ವಿಶ್ರಾಂತಿ ಪಡೆಯಬೇಕೆಂದೂ ಬಳಿಕ ಫಿಸಿಯೋಥೆರಪಿಸ್ಟ್ ನೆರವಿನಲ್ಲಿ ಹಂತಹಂತವಾಗಿ ಮರಳಬೇಕೆಂದೂ ವೈದ್ಯರು ಸೂಚಿಸಿದರು.

ನೋವಿನ ಮೂಲ ಹಳೆಯ ವಿಡಿಯೋಗಳಲ್ಲಿ ಸ್ಪಷ್ಟವಾಗಿತ್ತು. ಮೊದಲ ಸುತ್ತುಗಳಲ್ಲಿ ಚೆನ್ನಾಗಿ ಈಜುತ್ತಿದ್ದವಳು ದಣಿಯುತ್ತಿದ್ದಂತೆ ಉಸಿರಿಗಾಗಿ ತಲೆಯನ್ನು ಅತಿಯಾಗಿ ಮೇಲೆತ್ತುತ್ತಿದ್ದಳು. ತಲೆ ಮೇಲೆದ್ದಾಗ ಸೊಂಟ ನೀರಿನೊಳಗೆ ಇಳಿಯುತ್ತದೆ, ಇಳಿದ ಸೊಂಟವನ್ನು ಮತ್ತೆ ಮೇಲೆ ತರುವ ಭಾರವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಭುಜ ಮತ್ತು ಎದೆಭಾಗದ ಬೆನ್ನು ಬಿಗಿಯಾಗಿದ್ದರಂತೂ ಅಲ್ಲಿ ಸಿಗದ ಬಾಗನ್ನು ಸೊಂಟವೇ ಒದಗಿಸಬೇಕಾಗುತ್ತದೆ. ಗದ್ದ ನೀರಿಗೆ ತಾಗುವಷ್ಟೇ ಎತ್ತರದಲ್ಲಿ ಉಸಿರೆಳೆದು, ಕೈಗಳು ನೀರಿಗೆ ಬೀಳುವ ಮೊದಲೇ ಮುಖವನ್ನು ಕೆಳಗಿಳಿಸಿ, ದೇಹದ ಅಲೆಯಂಥ ಚಲನೆಯನ್ನು ಎದೆಯಿಂದ ಆರಂಭಿಸಲು ಕಲಿಯಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದರು. ಕಿಕ್‌ಬೋರ್ಡ್ ಎಂಬ ತೇಲುವ ಹಲಗೆ ಹಿಡಿದು ತಲೆಯೆತ್ತಿ ಮಾಡುವ ಡಾಲ್ಫಿನ್ ಕಿಕ್ (ಎರಡೂ ಕಾಲುಗಳನ್ನು ಜೋಡಿಸಿ ಬಡಿಯುವುದು) ಬೆನ್ನನ್ನು ಮತ್ತಷ್ಟು ಬಾಗಿಸುವುದರಿಂದ ಅದನ್ನು ಪೂರ್ತಿ ಬಿಡಿಸಲಾಯಿತು.

ನನ್ನ ಪಾಲಿಗೆ ಉಳಿದದ್ದು ಭಯದ ಪ್ರಶ್ನೆ. ನೋವನ್ನು ಹೇಳಿಕೊಳ್ಳುವುದು ಸೋಲೊಪ್ಪಿದಂತೆ ಎಂಬ ಭಾವನೆ ಅವಳಲ್ಲಿ ಬೇರೂರಿತ್ತು, ಮನೆಯಲ್ಲಿ ಕೇಳಿಬರುತ್ತಿದ್ದ ‘ಸೋಮಾರಿ’ ಎಂಬ ಮಾತು ಅದಕ್ಕೆ ನೀರೆರೆದಿತ್ತು. ಆ ಪದವನ್ನು ಬಿಟ್ಟುಬಿಡುವಂತೆ ತಾಯಿಯನ್ನು ನೇರವಾಗಿಯೇ ಕೇಳಿಕೊಂಡೆ. ಕೋಚ್‌ಗೆ ಹೇಳಬೇಕಾದ ಮಾತನ್ನು ಹುಡುಗಿಯೊಂದಿಗೆ ಅಭ್ಯಾಸ ಮಾಡಿದೆ: ಎಲ್ಲಿ ನೋವು, ಯಾವ ಸುತ್ತಿನ ನಂತರ, ವೈದ್ಯರು ಯಾವುದನ್ನು ಬಿಡಲು ಹೇಳಿದ್ದಾರೆ ಎಂಬಿಷ್ಟೇ, ಕ್ಷಮೆ ಕೇಳುವ ಅಗತ್ಯವಿಲ್ಲ. ಕೋಚ್ ಅವಳು ಅಂದುಕೊಂಡಷ್ಟು ಕಠಿಣರಾಗಿರಲಿಲ್ಲ. ವಿಶ್ರಾಂತಿಯ ದಿನಗಳಲ್ಲೂ ತಂಡದಿಂದ ದೂರ ಉಳಿಯದೆ, ಗೆಳತಿಯರ ಸಮಯ ದಾಖಲಿಸುವ ಕೆಲಸವನ್ನು ಆಕೆಗೆ ಕೊಡುವುದಕ್ಕೆ ಒಪ್ಪಿದರು.

ಕಾಲಿಗೆ ಜೋಮು ಹಿಡಿದರೆ, ಬಲ ಕುಂದಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಮುಂದಿನ ಭೇಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂದು ತಾಯಿಗೆ ಎಚ್ಚರಿಸಿದೆ. ಈ ಋತುವಿನಲ್ಲಿ ಮಗಳು ಸ್ಪರ್ಧಿಸುವಳೇ ಎಂದು ಅವರು ಎರಡು ಬಾರಿ ಕೇಳಿದರು. ವೈದ್ಯರು ಅನುಮತಿಸಿದ ಮೇಲೆ ಮೊದಲು ಫ್ರೀಸ್ಟೈಲ್, ನಂತರ ಒಂದೇ ಕೈಯ ಬಟರ್‌ಫ್ಲೈ, ಆಮೇಲೆ ನಡುವೆ ಬಿಡುವು ಕೊಟ್ಟು 25 ಮೀಟರ್‌ನ ಪೂರ್ಣ ಬಟರ್‌ಫ್ಲೈ, ಎಲ್ಲಕ್ಕೂ ಕೊನೆಯಲ್ಲಿ 200 ಮೀಟರ್ ಎಂದು ಉತ್ತರಿಸಿದೆ. ದಿನಾಂಕವನ್ನು ಮಾತ್ರ ಕೊಡಲಿಲ್ಲ.